ಬೆಟ್ಟದ ಕಡೆ, ಕಡಲಿನ ಕಡೆ: ಕೋಬೆಯ ನಡುಪೇಟೆಯಲ್ಲಿ ಒಂದು ವಾರಾಂತ್ಯ

ಜಪಾನಿಗೆ ಹೋಗುವ ನಮ್ಮವರು ಕೋಬೆಗೆ ಕೊಡುವುದು ಹೆಚ್ಚೆಂದರೆ ಅರ್ಧ ದಿನ. ಒಸಾಕಾದಿಂದ ಅರ್ಧ ಗಂಟೆಯೊಳಗೆ ರೈಲಿನಲ್ಲಿ ಬಂದು, ಬಂದರಿನ ಮುಂದೆ ಫೋಟೊ ತೆಗೆಸಿಕೊಂಡು, ಸಂಜೆಯ ಹೊತ್ತಿಗೆ ಕ್ಯೋಟೊದ ದಾರಿ ಹಿಡಿಯುತ್ತಾರೆ. ಅಕ್ಕ ಮತ್ತು ನಾನು ಹಾಗೆ ಮಾಡಬಾರದೆಂದು ಮೊದಲೇ ನಿರ್ಧರಿಸಿದ್ದೆವು. ಊರಿಡೀ ಸುತ್ತುವ ಬದಲು ಚುವೊ ಎಂಬ ಒಂದೇ ವಾರ್ಡಿನಲ್ಲಿ ಉಳಿದು, ಅದನ್ನು ಕಾಲ್ನಡಿಗೆಯಲ್ಲಿ ನೋಡಬೇಕೆಂದು ನಮ್ಮ ಆಸೆ. 1868ರಲ್ಲಿ ಈ ಬಂದರು ಹೊರನಾಡಿನವರಿಗೆ ತೆರೆದಂದಿನಿಂದ ಎಲ್ಲೆಲ್ಲಿಯ ಜನರೋ ಇಲ್ಲಿ ಬಂದಿಳಿದರು. ಇಲ್ಲಿಂದಲೇ ಸಾವಿರಾರು ಜಪಾನೀಯರು ಹಡಗು ಹತ್ತಿ ಹೊರಟುಹೋದರು. 1945ರ ಬಾಂಬ್ ದಾಳಿಯಲ್ಲಿ ಒಮ್ಮೆ, 1995ರ ಭೂಕಂಪದಲ್ಲಿ ಮತ್ತೊಮ್ಮೆ ಊರು ನೆಲಕಚ್ಚಿತು. ಇಷ್ಟೆಲ್ಲ ಕಂಡ ಬೀದಿಗಳಲ್ಲಿ ಅವಸರವಿಲ್ಲದೆ ನಡೆಯಬೇಕಿತ್ತು.

ಶುಕ್ರವಾರ: ಕಡಲಿನಿಂದ ಊರಿಗೆ

ಕನ್ಸಾಯಿ ವಿಮಾನ ನಿಲ್ದಾಣದಿಂದ ಕೋಬೆಗೆ ಬಸ್ಸಿದೆ, ರೈಲಿದೆ. ನಾವು ದೋಣಿಯನ್ನೇ ಆರಿಸಿಕೊಂಡೆವು. ಕೊಲ್ಲಿಯನ್ನು ಅಡ್ಡ ಹಾಯ್ದು ಅರ್ಧ ಗಂಟೆಯಲ್ಲಿ ಕೋಬೆ ವಿಮಾನ ನಿಲ್ದಾಣದ ಪಕ್ಕದ ಕಟ್ಟೆಗೆ ತಂದುಬಿಡುತ್ತದೆ. ಬಂದರಿನ ಊರಿಗೆ ನೀರಿನ ಮೇಲಿಂದಲೇ ಬರಬೇಕು. ದೂರದಿಂದ ಮೊದಲು ಕಾಣುವುದು ರೊಕ್ಕೊ ಬೆಟ್ಟಸಾಲು, ಆಮೇಲೆ ಅದರ ಬುಡಕ್ಕೆ ಅಂಟಿಕೊಂಡ ಬಿಳಿಯ ಕಟ್ಟಡಗಳ ಸಣ್ಣ ಪಟ್ಟಿ. ಹದಿನೈದು ಲಕ್ಷ ಜನರ ಊರೆಂದರೆ ನಂಬುವುದು ಕಷ್ಟ. ದಡದಿಂದ ಸನ್ನೊಮಿಯಕ್ಕೆ ಕರೆದೊಯ್ಯುವ ಪೋರ್ಟ್ ಲೈನರ್ ರೈಲಿಗೆ ಚಾಲಕನಿಲ್ಲ. 1981ರಿಂದಲೂ ಹಾಗೆಯೇ ಓಡುತ್ತಿದೆ. ಮುಂದಿನ ಕಿಟಕಿಯ ಸೀಟು ಸಿಕ್ಕರೆ ಬಿಡಬಾರದು. ಸೇತುವೆ ದಾಟುವಾಗ ಬಂದರು, ಊರು, ಬೆಟ್ಟ ಮೂರೂ ಒಂದರ ಹಿಂದೆ ಒಂದು ಎದುರಾಗುತ್ತವೆ.

ಸನ್ನೊಮಿಯದಲ್ಲಿ ಇಳಿದು ವಸತಿಗೃಹದತ್ತ ಏರು ಹತ್ತುವಾಗ ಅಕ್ಕನ ಪೆಟ್ಟಿಗೆಯ ಒಂದು ಗಾಲಿ ಕಳಚಿ ಇಳಿಜಾರಿನಲ್ಲಿ ಉರುಳಿಹೋಯಿತು. ಅದು ಹೋಗಿ ನಿಂತದ್ದು ಒಂದು ಸೈಕಲ್ ದುರಸ್ತಿ ಅಂಗಡಿಯ ಬಾಗಿಲಲ್ಲಿ. ಅಂಗಡಿಯವರು ಗಾಲಿಯನ್ನು ಎತ್ತಿಕೊಂಡು ಹೊರಬಂದರು. ನಮ್ಮನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿ, ಮಾತಿಲ್ಲದೆ ಅದನ್ನು ಒಳಗೆಳೆದುಕೊಂಡರು. ಸೈಕಲ್ಲಿನದೇ ಒಂದು ಬೋಲ್ಟನ್ನು ಕತ್ತರಿಸಿ, ಅರದಲ್ಲಿ ಉಜ್ಜಿ, ಎಣ್ಣೆ ಹಚ್ಚಿ ಕೂರಿಸಿ, ನೆಲದ ಮೇಲೆ ಹಿಂದೆ ಮುಂದೆ ಉರುಳಿಸಿ ಕಿವಿಗೊಟ್ಟು ಕೇಳಿದರು. ಸದ್ದು ಸರಿ ಎನಿಸದೆ ಮತ್ತೆ ಬಿಚ್ಚಿದರು. ಕಾಲು ಗಂಟೆಯ ಈ ಕೆಲಸಕ್ಕೆ ಹಣ ಬೇಡವೆಂದು ಎರಡೂ ಕೈ ಅಡ್ಡ ಹಿಡಿದರು. ವಸತಿಗೃಹದ ದಾರಿ ಕೇಳಿದಾಗ "ಬೆಟ್ಟದ ಕಡೆ ಎರಡು ಅಡ್ಡರಸ್ತೆ, ಆಮೇಲೆ ಎಡಕ್ಕೆ" ಎಂದರು. ಈ ಊರಿನವರು ದಿಕ್ಕು ಹೇಳುವುದೇ ಹೀಗೆ: ಉತ್ತರವೆಂದರೆ ಬೆಟ್ಟದ ಕಡೆ, ದಕ್ಷಿಣವೆಂದರೆ ಕಡಲಿನ ಕಡೆ. ದೊಡ್ಡ ಮಳಿಗೆಗಳ ಬಾಗಿಲುಗಳಿಗೂ ಅದೇ ಗುರುತು. ಇದೊಂದನ್ನು ನೆನಪಿಟ್ಟುಕೊಂಡ ಮೇಲೆ ನಮಗೆ ಮೊಬೈಲ್ ನಕ್ಷೆ ಬೇಕೆನಿಸಲಿಲ್ಲ.

ನವೆಂಬರ್ ಕೊನೆಯಲ್ಲಿ ಐದು ಗಂಟೆಗೆಲ್ಲ ಕತ್ತಲು. ಇಕುತಾ ದೇವಾಲಯ ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರ. ಸುತ್ತ ಹೋಟೆಲು, ಬಾರು, ಬಣ್ಣದ ದೀಪಗಳ ಗದ್ದಲ. ಕೆಂಪು ತೋರಣಗಂಬ ದಾಟಿದೊಡನೆ ಎಲ್ಲ ಹಿಂದೆ ಉಳಿಯುತ್ತದೆ. ಹಿಂಬದಿಯಲ್ಲಿ ಹಳೆಯ ಮರಗಳ ಒಂದು ಸಣ್ಣ ಬನ ಇನ್ನೂ ಉಳಿದಿದೆ. ಆ ಬನದಲ್ಲಿ ಪೈನ್ ಮರ ಮಾತ್ರ ಇಲ್ಲ. ದೇವಿ ಮೊದಲು ನೆಲೆಸಿದ್ದು ಬೆಟ್ಟದ ಮೇಲೆ. ಪ್ರವಾಹ ಬಂದಾಗ ಸುತ್ತಲಿನ ಪೈನ್ ಮರಗಳು ಅವಳನ್ನು ಕಾಯಲಿಲ್ಲ, ಹಾಗಾಗಿ ಅವಳಿಗೆ ಆ ಮರವೆಂದರೆ ಆಗದು ಎಂಬುದು ಐತಿಹ್ಯ. ಜಪಾನಿನ ಮನೆಮನೆಯಲ್ಲೂ ಹೊಸ ವರ್ಷಕ್ಕೆ ಪೈನ್ ರೆಂಬೆಯ ಅಲಂಕಾರವಿದ್ದರೆ ಇಲ್ಲಿ ಸೀಡರ್ ರೆಂಬೆ. 1995ರಲ್ಲಿ ಮುಂಭಾಗದ ಮಂಟಪ ಚಾವಣಿಸಮೇತ ಕುಸಿದಿತ್ತು, ಆಮೇಲೆ ಕಟ್ಟಿದ್ದು ಈಗಿರುವುದು.

ಊಟದ ವಿಷಯ ಹೇಳಲೇಬೇಕು. ಅಕ್ಕ ಮೀನು ಮಾಂಸ ಮುಟ್ಟುವವಳಲ್ಲ. ಜಪಾನಿನಲ್ಲಿ "ಮಾಂಸ ಬೇಡ" ಎಂದರೆ ಸಾಲದು, ಸಾರಿಗೆ ಬಳಸುವ "ದಾಶಿ" ಬೇಡವೆಂದೂ ಹೇಳಬೇಕು. ಅದು ಬಹುಪಾಲು ಒಣಮೀನಿನಿಂದ ಬಂದದ್ದು. ಓಣಿಯೊಳಗಿನ ಒಂದು ಉದೋನ್ ಅಂಗಡಿಯಲ್ಲಿ ಹಾಗೆ ಹೇಳಿದಾಗ ಮಾಲಕಿ ಕ್ಷಣ ಯೋಚಿಸಿ, ತನ್ನ ಅಡುಗೆಯಲ್ಲಿ ದಾಶಿಯಿಲ್ಲದ ಸಾರೇ ಇಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ನಾವು ಏಳಲು ಹೊರಟರೆ ಬಿಡಲಿಲ್ಲ. ಆಗಷ್ಟೇ ಬೇಯಿಸಿದ ದಪ್ಪ ಶಾವಿಗೆಯನ್ನು ಬಸಿದು, ತುರಿದ ಶುಂಠಿ, ಹೆಚ್ಚಿದ ಈರುಳ್ಳಿಸೊಪ್ಪು, ಹುರಿದ ಎಳ್ಳು ಹಾಕಿ, ಸೋಯಾ ಸಾಸನ್ನು ತಾವೇ ಅಳೆದು ಸುರಿದುಕೊಟ್ಟರು. ಆ ಪ್ರವಾಸದ ಅತ್ಯುತ್ತಮ ಊಟ ಅದೇ ಎಂದು ಅಕ್ಕ ಈಗಲೂ ಹೇಳುತ್ತಾಳೆ.

ಶನಿವಾರ: ಕಿತಾನೊದ ಏರುಬೀದಿಗಳು

ಬೆಳಗ್ಗೆ ಚುರುಕು ಬಿಸಿಲು, ಬೆಟ್ಟದಿಂದ ಇಳಿಯುವ ತಣ್ಣನೆಯ ಗಾಳಿ. ಕಿತಾನೊ ಎಂಬುದು ಸನ್ನೊಮಿಯದಿಂದ ಬೆಟ್ಟದ ಕಡೆಗೆ ಏರುವ ಭಾಗ. ಸಮುದ್ರದಂಚಿನಲ್ಲಿ ವಿದೇಶೀಯರಿಗೆಂದು ಬಿಟ್ಟುಕೊಟ್ಟ ಜಾಗ ಕಿಕ್ಕಿರಿದಾಗ ಅವರು ಮೇಲೆ ಬಂದು ಮನೆ ಕಟ್ಟಿಕೊಂಡರು. ಆ ಮನೆಗಳನ್ನು ನೋಡಲೆಂದೇ ಜಪಾನಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಎಲ್ಲ ಮನೆಗಳಿಗೂ ಬೇರೆ ಬೇರೆ ಟಿಕೆಟ್, ಎಲ್ಲವನ್ನೂ ನೋಡಬೇಕಿಲ್ಲ. ನನ್ನನ್ನು ಕೇಳಿದರೆ ಮೊಎಗಿ ಮನೆಯೊಂದು ಸಾಕು. 1903ರಲ್ಲಿ ಅಮೆರಿಕದ ಕಾನ್ಸಲ್ ಜನರಲ್ ಹಂಟರ್ ಶಾರ್ಪ್ ಅವರಿಗಾಗಿ ಕಟ್ಟಿದ ಮರದ ಮನೆ. ಬಹುಕಾಲ ಬಿಳಿಯ ಬಣ್ಣದಲ್ಲಿದ್ದು, 1980ರ ದಶಕದ ದುರಸ್ತಿಯಲ್ಲಿ ಅಡಿಯ ತಿಳಿಹಸಿರು ಹೊರಬಂತಂತೆ. ನನ್ನ ಗಮನ ನಿಂತದ್ದು ಮನೆಯ ಮುಂದಿನ ಅಂಗಳದಲ್ಲಿ. ಅಲ್ಲಿ ಇಟ್ಟಿಗೆಯ ಒಂದು ಹೊಗೆಗೂಡು ನಿಂತಿದೆ. ಭೂಕಂಪದ ಬೆಳಗ್ಗೆ ಚಾವಣಿಯ ಮೇಲಿಂದ ಕಳಚಿ ಬಿದ್ದದ್ದು ಅದು. ಮೇಲೆ ಹೊಸದನ್ನು ಕಟ್ಟಿದ್ದಾರೆ, ಬಿದ್ದದ್ದನ್ನು ಎಸೆಯದೆ ಎಲ್ಲರ ಕಣ್ಣೆದುರು ಇಟ್ಟಿದ್ದಾರೆ. ಇಟ್ಟಿಗೆಗಳ ನಡುವಿನ ಗಾರೆಯ ಗೆರೆಗಳನ್ನು ಬೆರಳ ದೂರದಿಂದ ನೋಡಬಹುದು.

ಪಕ್ಕದ ಕಡಿದಾದ ಮೆಟ್ಟಿಲೇರಿದರೆ ಕಿತಾನೊ ತೆನ್ಮನ್ ದೇವಾಲಯ. 1180ರಲ್ಲಿ ಸೇನಾನಾಯಕ ತೈರಾ ನೊ ಕಿಯೊಮೊರಿ ಕೆಲವೇ ತಿಂಗಳ ಮಟ್ಟಿಗೆ ರಾಜಧಾನಿಯನ್ನು ಕ್ಯೋಟೊದಿಂದ ಈ ಕಡೆಯ ಫುಕುಹಾರಾಕ್ಕೆ ತಂದಾಗ ಸ್ಥಾಪಿಸಿದ್ದು. ರಾಜಧಾನಿ ಹೋಯಿತು, ದೇವರು ಉಳಿದ. ಅಂಗಳದಿಂದ ಕೆಳಗೆ ನೋಡಿದರೆ ಗಾಳಿಕೋಳಿ ಹೊತ್ತ ಇಟ್ಟಿಗೆಯ ಮನೆಯ ಚಾವಣಿ ಕಾಲಿನ ಮಟ್ಟದಲ್ಲಿರುತ್ತದೆ. 1909ರ ಸುಮಾರಿಗೆ ಜರ್ಮನ್ ವ್ಯಾಪಾರಿ ಗಾಟ್‌ಫ್ರೀಡ್ ಥಾಮಸ್ ಕಟ್ಟಿಸಿದ್ದು ಅದು.

ಮಧ್ಯಾಹ್ನದ ಹೊತ್ತಿಗೆ ಇಳಿಜಾರು ಹಿಡಿದು ಕೋಬೆ ಮಸೀದಿಗೆ ಬಂದೆವು. ಜಪಾನಿನ ಮೊದಲ ಮಸೀದಿ, 1935ರಲ್ಲಿ ಕಟ್ಟಿದ್ದು. ಹಣ ಕೂಡಿಸಿದವರಲ್ಲಿ ಇಲ್ಲಿ ನೆಲೆಸಿದ್ದ ಭಾರತದ ಮುಸ್ಲಿಂ ವರ್ತಕರು ಪ್ರಮುಖರು, ವಿನ್ಯಾಸ ಚೆಕ್ ವಾಸ್ತುಶಿಲ್ಪಿ ಯಾನ್ ಶ್ವಾಗರ್ ಅವರದು. 1945ರ ಬಾಂಬ್ ದಾಳಿಯ ನಂತರದ ಒಂದು ಚಿತ್ರವಿದೆ: ಸುತ್ತಲೂ ಸುಟ್ಟ ಬಯಲು, ನಡುವೆ ಈ ಕಟ್ಟಡ ಒಂದೇ ನಿಂತಿದೆ. 1995ರಲ್ಲೂ ಅದು ಬೀಳಲಿಲ್ಲ. ಆಗ ನೆರೆಯವರೆಲ್ಲ ಬಂದು ಇಲ್ಲಿ ಮಲಗಿದ್ದರೆಂದು ಬಾಗಿಲ ಬಳಿಯಿದ್ದ ಹಿರಿಯರೊಬ್ಬರು ಹೇಳಿದರು. ಅವರದು ಲಾಹೋರಿನ ಕಡೆಯ ಉರ್ದು, ನಮ್ಮದು ಕರಾವಳಿಯ ಹಿಂದಿ. ಮಾತಿಗೆ ತೊಡಕಾಗಲಿಲ್ಲ. ನಮಾಜಿನ ಹೊತ್ತು ಬಿಟ್ಟು ಯಾರು ಬೇಕಾದರೂ ಒಳಹೋಗಬಹುದು. ಹೆಂಗಸರು ತಲೆಗೆ ಹೊದ್ದುಕೊಳ್ಳಲು ಒಂದು ಶಾಲು ಇಟ್ಟುಕೊಂಡರೆ ಒಳ್ಳೆಯದು. ಎದುರಿನ ದಿನಸಿ ಅಂಗಡಿಯಲ್ಲಿ ತೊಗರಿಬೇಳೆ, ಜೀರಿಗೆ, ಉಪ್ಪಿನಕಾಯಿ ಎಲ್ಲವೂ ಇತ್ತು. ಅಕ್ಕ ಒಂದು ಹಿಡಿ ಹಸಿಮೆಣಸು ಕೊಂಡಳು.

ಅಲ್ಲಿಂದ ಸ್ವಲ್ಪ ಮೇಲಕ್ಕೆ, ಮನೆಗಳ ನಡುವೆ, ಬಿಳಿಯ ಅಮೃತಶಿಲೆಯ ಶಿಖರ ಕಂಡಾಗ ಇಬ್ಬರೂ ನಿಂತುಬಿಟ್ಟೆವು. ಮಹಾವೀರ ಸ್ವಾಮಿಯ ಶ್ವೇತಾಂಬರ ಜೈನ ಮಂದಿರ, 1985ರಲ್ಲಿ ಪ್ರತಿಷ್ಠೆಯಾದದ್ದು. ನಾವು ಕಾರ್ಕಳದವರು, 1432ರ ಗೊಮ್ಮಟನನ್ನೂ ಕರಿಗಲ್ಲಿನ ಬಸದಿಗಳನ್ನೂ ನೋಡುತ್ತಲೇ ಬೆಳೆದವರು. ಅಲ್ಲಿಯ ದಿಗಂಬರ ಬಿಂಬಗಳ ಅರೆಮುಚ್ಚಿದ ಕಣ್ಣಿಗೆ ಒಗ್ಗಿದ ನಮಗೆ ಇಲ್ಲಿಯ ಮೂರ್ತಿಯ ಕೂರಿಸಿದ ಹೊಳೆವ ಕಣ್ಣುಗಳು ನೇರವಾಗಿ ನೋಡುವುದು ಹೊಸ ಅನುಭವ. ಚರ್ಮದ ಪಟ್ಟಿ, ಕೈಚೀಲ ಹೊರಗಿಟ್ಟು ಒಳಗೆ ಕೂತೆವು.

ಪೂಜೆ ಮುಗಿಸಿ ಬಂದ ಗುಜರಾತಿ ಹಿರಿಯರೊಬ್ಬರು ಎಲ್ಲಿಯವರೆಂದು ವಿಚಾರಿಸಿದರು. ಕಾರ್ಕಳವೆಂದಾಗ "ಬಾಹುಬಲಿ!" ಎಂದು ಕೈಮುಗಿದರು. ಅವರದು ಮುತ್ತಿನ ವ್ಯಾಪಾರ. ಜಪಾನಿನ ಮುತ್ತು ಎಲ್ಲೇ ಬೆಳೆದರೂ ಆರಿಸಿ, ವಿಂಗಡಿಸಿ, ಮಾರುವ ಕೆಲಸ ಬಹುಕಾಲದಿಂದ ಕೋಬೆಯದು. ಮುತ್ತಿನ ಬಣ್ಣ ನೋಡಲು ನೇರ ಬಿಸಿಲು ಆಗದು, ವಿದ್ಯುತ್ ದೀಪವೂ ಆಗದು, ಉತ್ತರದ ಕಿಟಕಿಯಿಂದ ಬರುವ ತಣ್ಣನೆಯ ಬೆಳಕೇ ಬೇಕು, ಅದು ಇಲ್ಲಿಯ ಹಸಿರು ಬೆಟ್ಟಕ್ಕೆ ತಾಕಿ ಇನ್ನಷ್ಟು ಹದವಾಗಿ ಬರುತ್ತದೆ ಎಂದು ವಿವರಿಸಿದರು. ಅಷ್ಟರಲ್ಲೇ ಅಕ್ಕನ ಕಿವಿಯೋಲೆಯತ್ತ ಕಣ್ಣು ಹೋಯಿತು. "ಬೇಟಿ, ಇದು ಕಡಲಿನದಲ್ಲ, ಸಿಹಿನೀರಿನ ಮುತ್ತು. ಆದರೆ ಜೋಡಿ ಚೆನ್ನಾಗಿ ಹೊಂದಿಸಿದ್ದಾರೆ" ಎಂದರು. ಮೂರು ಅಡಿ ದೂರದಿಂದ, ಕನ್ನಡಕ ತೆಗೆದು. ಭಾರತದ ವರ್ತಕರು ಇಲ್ಲಿ ಹೇಗೆ ಬೇರೂರಿದರೆಂಬ ಕಥೆಯನ್ನೂ ಅವರೇ ಹೇಳಿದರು: 1923ರ ಭೂಕಂಪ ಯೊಕೊಹಾಮಾವನ್ನು ನಾಶ ಮಾಡಿದಾಗ ಅಲ್ಲಿದ್ದ ರೇಷ್ಮೆ ವ್ಯಾಪಾರಿಗಳಲ್ಲಿ ಅನೇಕರು ಕೋಬೆಗೆ ಬಂದರು, ಕೆಲವರು ಹಿಂತಿರುಗಿ ಹೋಗಲೇ ಇಲ್ಲ.

ಅದೇ ಭೂಕಂಪದ ಇನ್ನೊಂದು ಎಳೆ ನಮಗೆ ಮರುದಿನ ಕೇಕಿನ ತುಂಡಿನಲ್ಲಿ ಸಿಕ್ಕಿತು. ಮೊದಲು ಆ ದಿನದ ಬ್ರೆಡ್ಡಿನ ಮಾತು. ಪೂರ್ವಕ್ಕೆ ನಡೆದರೆ 1929ರ ಒಂದು ಚರ್ಚ್ ಇದೆ, ಈಗ ಅದು ಫ್ರಾಯಿಂಡ್‌ಲೀಬ್ ಬೇಕರಿ. ಮೊದಲ ಮಹಾಯುದ್ಧದಲ್ಲಿ ಜಪಾನಿನ ಸೆರೆಯಾಳಾಗಿ ಬಂದ ಜರ್ಮನ್ ಬೇಕರ್ ಹೈನ್ರಿಚ್ ಫ್ರಾಯಿಂಡ್‌ಲೀಬ್ 1924ರಲ್ಲಿ ಕೋಬೆಯಲ್ಲಿ ಒಲೆ ಹೊತ್ತಿಸಿದರು. 1995ರ ಭೂಕಂಪದಲ್ಲಿ ಹಾನಿಗೊಂಡಿದ್ದ ಚರ್ಚನ್ನು ಬೇಕರಿ 1999ರಲ್ಲಿ ತನ್ನದಾಗಿಸಿಕೊಂಡಿತು. ಮಹಡಿಯ ಎತ್ತರದ ಕಮಾನಿನ ಕೆಳಗೆ ಕೂತು ಗಟ್ಟಿ ಹೊರಪದರದ ರೈ ಬ್ರೆಡ್ಡಿಗೆ ಚೀಸ್ ಇಟ್ಟುಕೊಂಡು, ಆಗಲೇ ಕೊಂಡಿದ್ದ ಹಸಿಮೆಣಸು ಕಚ್ಚಿಕೊಂಡು ತಿಂದೆವು.

ಭಾನುವಾರ: ವಲಸೆಯ ಇಳಿಜಾರು

ರಾತ್ರಿಯಿಂದಲೇ ಗಾಳಿ. ಬೆಳಗ್ಗೆ ಸಣ್ಣ ಮಳೆಯೂ ಸೇರಿಕೊಂಡಿತು. ರೊಕ್ಕೊದಿಂದ ಬೀಸುವ ಗಾಳಿಗೆ ಇಲ್ಲಿ ದೊಡ್ಡ ಹೆಸರಿದೆ; ವಸತಿಗೃಹದವರು ಕೊಟ್ಟ ಪಾರದರ್ಶಕ ಛತ್ರಿ ಮೊದಲ ತಿರುವಿನಲ್ಲೇ ತಿರುಗುಮುರುಗಾಗಿ ಕಡ್ಡಿ ಮುರಿಯಿತು. ತೊಯ್ದುಕೊಂಡೇ ಯಮಾಮೊತೊ ಬೀದಿಯ ಪಶ್ಚಿಮ ಭಾಗಕ್ಕೆ ಹೋದೆವು. ಪ್ರವಾಸಿಗಳು ಹೆಚ್ಚು ಬಾರದ ಜಾಗ ಅದು, ಆದರೆ ಚುವೊದಲ್ಲಿ ಒಂದೇ ಒಂದು ಕಟ್ಟಡ ನೋಡಲು ಸಮಯವಿದ್ದರೆ ನಾನು ಅದನ್ನೇ ಹೇಳುತ್ತೇನೆ.

1928ರಲ್ಲಿ ಸರಕಾರ ಕಟ್ಟಿಸಿದ ವಲಸಿಗರ ತಂಗುಮನೆ. ಬ್ರೆಜಿಲಿಗೆ ಹೊರಟ ರೈತಾಪಿ ಕುಟುಂಬಗಳು ಊರೂರಿಂದ ಇಲ್ಲಿಗೆ ಬಂದು, ಹಡಗು ಹೊರಡುವವರೆಗೆ ಒಂದು ವಾರ ಹತ್ತು ದಿನ ಉಳಿಯುತ್ತಿದ್ದವು. ವೈದ್ಯರ ಪರೀಕ್ಷೆ, ಚುಚ್ಚುಮದ್ದು, ಪೋರ್ಚುಗೀಸ್ ಭಾಷೆಯ ನಾಲ್ಕು ಮಾತು, ಆಮೇಲೆ ಬಂದರು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1908ರ ಏಪ್ರಿಲ್ 28ರಂದು ಕಸಾತೊ ಮಾರು ಹಡಗು 781 ಜನರನ್ನು ಹೊತ್ತು ಕೋಬೆಯಿಂದಲೇ ಮೊದಲ ಬಾರಿ ಬ್ರೆಜಿಲಿಗೆ ಹೊರಟಿತ್ತು. ಕಾಫಿ ತೋಟದಲ್ಲಿ ಕೆಲವು ವರ್ಷ ದುಡಿದು ಹಣ ಮಾಡಿಕೊಂಡು ಬರುತ್ತೇವೆಂದು ಹೋದವರು ಅವರು. 1971ರಲ್ಲಿ ಈ ಮನೆ ಮುಚ್ಚಿತು. ಈಗ ವಸ್ತುಸಂಗ್ರಹಾಲಯ, ಪ್ರವೇಶ ಉಚಿತ, ಸೋಮವಾರ ಬಾಗಿಲು ತೆರೆಯುವುದಿಲ್ಲ.

ಅಂದಿನ ಮಲಗುವ ಕೋಣೆಯಲ್ಲಿ ಎರಡಂತಸ್ತಿನ ಮಂಚಗಳಿವೆ. ಹಡಗಿನೊಳಗಿನ ಹಾಸಿಗೆಗಳಷ್ಟೇ ಇಕ್ಕಟ್ಟು. ಇನ್ನೊಂದು ಕಡೆ ವಲಸಿಗರು ಕೊಂಡೊಯ್ದ ಸಾಮಾನು. ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲವಾದ್ದರಿಂದ ಮೇಲ್ವಿಚಾರಣೆಯ ಮಹಿಳೆ ಜೊತೆಗೇ ಬಂದರು. ಅವರ ತಾಯಿಯ ಅಣ್ಣ ಇಲ್ಲಿಂದಲೇ ಹೋದವರಂತೆ. ವರ್ಷಕ್ಕೊಂದು ಕಾಗದ ಬರುತ್ತಿತ್ತು, ಆಮೇಲೆ ಅವರ ಮಕ್ಕಳಿಂದ ಕಾಗದ, ಆಮೇಲೆ ಮೊಮ್ಮಕ್ಕಳೇ ಜಪಾನಿನ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದರು. "ಅವರಿಗೆ ಜಪಾನಿ ಬರುತ್ತಿರಲಿಲ್ಲ. ಈ ಕಟ್ಟಡದಲ್ಲೇ ಈಗ ಅಂಥ ಮನೆಗಳ ಮಕ್ಕಳು ಪೋರ್ಚುಗೀಸ್ ಕಲಿಯುತ್ತಾರೆ, ಅಜ್ಜಿಯ ಜೊತೆ ಮಾತಾಡಲು" ಎಂದರು. ಆ ಕ್ಷಣ ಅಕ್ಕ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಮ್ಮ ದೊಡ್ಡಮ್ಮನ ಮೊಮ್ಮಕ್ಕಳೂ ಕನ್ನಡ ಬಾರದ ಊರಿನಲ್ಲಿ ಬೆಳೆಯುತ್ತಿದ್ದಾರೆ.

ಅಲ್ಲಿಂದ ಬಂದರಿಗೆ ಹೋಗಲು ಬಸ್ ಹತ್ತಬಾರದು. ವಲಸಿಗರು ಗಂಟುಮೂಟೆ ಹೊತ್ತು ಇಳಿದ ರಸ್ತೆ ಅದೇ, ಮೊತೊಮಾಚಿ ನಿಲ್ದಾಣದ ಕೆಳಗೆ ಹಾಯ್ದು ನೇರ ಕಡಲಿಗೆ ಹೋಗುತ್ತದೆ. ನಡೆದರೆ ಅರ್ಧ ಗಂಟೆಯ ದಾರಿ. ಕೊನೆಯಲ್ಲಿ, ಮೆರಿಕೆನ್ ಪಾರ್ಕಿನಲ್ಲಿ, ಅಪ್ಪ ಅಮ್ಮ ಮಗುವಿನ ಕಂಚಿನ ಪ್ರತಿಮೆಯಿದೆ.

ನಡುದಾರಿಯಲ್ಲಿ ಮಳೆ ಜೋರಾದ್ದರಿಂದ ಮೊತೊಮಾಚಿಯ ಚಾವಣಿಯಿರುವ ಅಂಗಡಿಬೀದಿಗೆ ನುಗ್ಗಿದೆವು. ಯುಹೈಮ್ ಎಂಬ ಹಳೆಯ ಮಿಠಾಯಿ ಮನೆ ಅಲ್ಲಿದೆ. ಕಾರ್ಲ್ ಯುಹೈಮ್ ಕೂಡ ಯುದ್ಧಕೈದಿಯಾಗಿ ಬಂದವರೇ. 1919ರಲ್ಲಿ ಹಿರೋಷಿಮಾದ ಒಂದು ಪ್ರದರ್ಶನದಲ್ಲಿ ಪದರುಪದರಾದ ಬಾಮ್‌ಕೂಕನ್ ಕೇಕನ್ನು ಜಪಾನೀಯರಿಗೆ ಮೊದಲು ತೋರಿಸಿದರು. ಆ ಪ್ರದರ್ಶನ ನಡೆದ ಕಟ್ಟಡವೇ ಇಂದು ಅಣುಬಾಂಬಿನ ಗುಮ್ಮಟವೆಂದು ಉಳಿದಿರುವುದು. ಬಿಡುಗಡೆಯ ನಂತರ ಯೊಕೊಹಾಮಾದಲ್ಲಿ ಅಂಗಡಿ ಹಾಕಿದರು, 1923ರ ಭೂಕಂಪ ಅದನ್ನು ಕಸಿದುಕೊಂಡಿತು. ಬರಿಗೈಯಲ್ಲಿ ಕೋಬೆಗೆ ಬಂದು ಮತ್ತೆ ಶುರು ಮಾಡಿದರು. 1945ರ ಆಗಸ್ಟ್ 14ರಂದು, ಯುದ್ಧ ಮುಗಿಯುವ ಹಿಂದಿನ ದಿನ, ರೊಕ್ಕೊ ಬೆಟ್ಟದ ಮೇಲೆ ತೀರಿಕೊಂಡರು. ಕೇಕಿನ ತುಂಡಿನಲ್ಲಿ ತೆಳುವಾದ ಕಂದು ಗೆರೆಗಳನ್ನು ಎಣಿಸುತ್ತ ಈ ಕಥೆ ಓದಿದೆವು.

ಬೀದಿಯ ದಕ್ಷಿಣಕ್ಕೆ ನಾನ್‌ಕಿನ್‌ಮಾಚಿ, ಚೀನೀಯರ ಪೇಟೆ. ಬಂದರು ತೆರೆದಾಗ ಚೀನಾದೊಡನೆ ಜಪಾನಿಗೆ ಒಪ್ಪಂದವಿರಲಿಲ್ಲ, ಹಾಗಾಗಿ ವಿದೇಶೀಯರ ಬಡಾವಣೆಯೊಳಗೆ ಅವರಿಗೆ ಜಾಗ ಸಿಗಲಿಲ್ಲ. ಅದರ ಪಶ್ಚಿಮದ ಗಡಿಗೆ ಒತ್ತಿಕೊಂಡು ಬದುಕು ಕಟ್ಟಿದರು. 1915ರಿಂದ ಹಂದಿಮಾಂಸದ ಹಬೆಗಡುಬು ಮಾರುವ ಅಂಗಡಿಯ ಮುಂದೆ ಮಳೆಯಲ್ಲೂ ಉದ್ದದ ಸಾಲು. ನಾನು ಸಾಲಿನಲ್ಲಿ ನಿಂತೆ. ಬಿಸಿ ಬಿಸಿ, ಅಂಗೈಗಿಂತ ಚಿಕ್ಕದು, ಹಿಟ್ಟಿನಲ್ಲಿ ಹುದುಗಿನ ಸಣ್ಣ ಹುಳಿ. ಅಕ್ಕನ ಪಾಲಿಗೆ ಸುಟ್ಟ ಚೆಸ್ಟ್‌ನಟ್. ಅಂಗಡಿಗಳು ಸಂಜೆಗೇ ಮುಚ್ಚತೊಡಗುತ್ತವೆ, ಮಧ್ಯಾಹ್ನವೇ ಹೋಗಬೇಕು.

ಮೆರಿಕೆನ್ ಪಾರ್ಕ್ ತಲುಪಿದಾಗ ಮೋಡ ಸರಿದು ಕೆಂಪು ಗೋಪುರದ ಮೇಲೆ ಬಿಸಿಲು ಬಿದ್ದಿತ್ತು. 108 ಮೀಟರಿನ ಪೋರ್ಟ್ ಟವರ್ ಡಮರುವಿನಂತೆ ನಡು ಸಣ್ಣ. 1963ರದು, ದುರಸ್ತಿ ಮುಗಿದು 2024ರಲ್ಲಿ ಮತ್ತೆ ತೆರೆಯಿತು. ಎಲ್ಲರೂ ಅದರತ್ತ ಕ್ಯಾಮೆರಾ ಹಿಡಿದಿದ್ದರು. ಅದರ ಪೂರ್ವಕ್ಕೆ, ನೀರಿನಂಚಿನಲ್ಲಿ, ಅರುವತ್ತು ಮೀಟರ್ ಉದ್ದದ ಹಳೆಯ ಕಟ್ಟೆಯನ್ನು 1995ರ ಜನವರಿ 17ರ ಬೆಳಗ್ಗೆ 5.46ಕ್ಕೆ ಮುರಿದಂತೆಯೇ ಬಿಟ್ಟಿದ್ದಾರೆ. ಕಾಂಕ್ರೀಟಿನ ಹಲಗೆಗಳು ಒಂದರ ಮೇಲೊಂದು ವಾಲಿವೆ, ದೀಪದ ಕಂಬಗಳು ಓರೆಯಾಗಿ ನಿಂತಿವೆ, ಬಿರುಕಿನಲ್ಲಿ ಸಮುದ್ರದ ನೀರು ಏರುತ್ತದೆ, ಇಳಿಯುತ್ತದೆ. ಸತ್ತವರು 6,434 ಜನ. ಇಡೀ ಬಂದರನ್ನು ಎರಡು ವರ್ಷದಲ್ಲಿ ಎತ್ತಿ ನಿಲ್ಲಿಸಿದ ಊರು ಈ ಒಂದು ತುಣುಕನ್ನು ಮುಟ್ಟಲಿಲ್ಲ. ಹಳೆಯ ವಿದೇಶಿ ಬಡಾವಣೆಯಲ್ಲಿ ಇದಕ್ಕೆ ಎದುರಾದ ಉದಾಹರಣೆಯೂ ಇದೆ: ಹದಿನೈದನೆಯ ನಂಬರಿನ ಮನೆ ಪೂರ್ತಿ ಕುಸಿದಿತ್ತು, ಅದೇ ಮರದ ತುಂಡುಗಳನ್ನು ಹೆಕ್ಕಿ 1998ರಲ್ಲಿ ಮತ್ತೆ ಕಟ್ಟಿದರು. ಯಾವುದನ್ನು ಜೋಡಿಸಬೇಕು, ಯಾವುದನ್ನು ಮುರಿದಂತೆ ಬಿಡಬೇಕು ಎಂಬ ವಿವೇಕಕ್ಕಾಗಿ ನಾನು ಈ ಊರನ್ನು ಗೌರವಿಸುತ್ತೇನೆ.

ಹಿಂತಿರುಗುವಾಗ ನಗರಸಭೆಯ ಪಕ್ಕದ ಹಿಗಾಶಿ ಯುಯೆನ್‌ಚಿ ಉದ್ಯಾನಕ್ಕೆ ಹೋದೆವು. ಗಡಿಯಾರ ಹಿಡಿದ ಹೆಣ್ಣಿನ ಕಂಚಿನ ಮೂರ್ತಿ, ಮುಳ್ಳುಗಳು 5.46ಕ್ಕೆ ನಿಂತಿವೆ. ಸನಿಹದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆರದ ಜ್ವಾಲೆ. ನೆಲದಡಿಯ ಕೋಣೆಯ ಗೋಡೆಗಳ ಮೇಲೆ ಹೆಸರುಗಳು. ಒಬ್ಬ ಯುವಕ ಒಂದು ಹೆಸರಿನ ಮುಂದೆ ನಿಂತು ಬೆರಳಿನಿಂದ ಅದನ್ನು ಒರೆಸುತ್ತಿದ್ದ. ನಾವು ಸದ್ದು ಮಾಡದೆ ಹೊರಬಂದೆವು.

ಸೋಮವಾರ: ನುನೊಬಿಕಿ

ಮಧ್ಯಾಹ್ನ ಹೊರಡಬೇಕಿತ್ತು. ಶಿನ್-ಕೋಬೆಯ ಬುಲೆಟ್ ರೈಲು ನಿಲ್ದಾಣದ ಅಡಿಯಿಂದಲೇ ಕಾಡಿನ ಹಾದಿ ಶುರುವಾಗುತ್ತದೆಂದರೆ ಅಕ್ಕ ನಂಬಿರಲಿಲ್ಲ. ಕಾಲು ಗಂಟೆ ಏರಿದರೆ 43 ಮೀಟರ್ ಎತ್ತರದ ಒಂತಾಕಿ ಜಲಪಾತ. ಹಿಂದಿನ ದಿನದ ಮಳೆಗೆ ತುಂಬಿತ್ತು, ಬಂಡೆಯ ಮೇಲೆ ಕೆಂಪು ಮೇಪಲ್ ಎಲೆಗಳು ಅಂಟಿದ್ದವು. ಕಾಡುಹಂದಿಗೆ ತಿಂಡಿ ಕೊಡಬಾರದೆಂಬ ಫಲಕಗಳಿವೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ತೂಗಾಡಿಸಿಕೊಂಡು ಹೋಗದಿರುವುದು ಕ್ಷೇಮ. ಇನ್ನೂ ಮೇಲೆ 1900ರಲ್ಲಿ ಮುಗಿದ ಅಣೆಕಟ್ಟು, ತನ್ನ ಭಾರದಿಂದಲೇ ನೀರನ್ನು ತಡೆಯುವ, ಜಪಾನಿನ ಮೊದಲ ಕಾಂಕ್ರೀಟ್ ಗುರುತ್ವ ಅಣೆಕಟ್ಟು. ಇದರ ನೀರು ಸಮಭಾಜಕ ವೃತ್ತ ದಾಟಿದರೂ ಕೆಡುವುದಿಲ್ಲವೆಂದು ಹಡಗಿನವರು ಹೇಳುತ್ತಿದ್ದರಂತೆ.

ಕಟ್ಟೆಯ ಮೇಲೆ ಸುಸ್ತಾರಿಸಿಕೊಳ್ಳುತ್ತಿದ್ದಾಗ ಎಪ್ಪತ್ತು ದಾಟಿದ ಒಬ್ಬರು ಸಣ್ಣ ಬೆನ್ನಚೀಲದೊಡನೆ ಬಂದರು. ಕೆಲಸದ ದಿನಗಳಲ್ಲಿ ಹಡಗುಕಟ್ಟೆಯಲ್ಲಿದ್ದವರು, ಹಾಗಾಗಿ ಇಂಗ್ಲಿಷ್ ಬರುತ್ತಿತ್ತು. ದಿನವೂ ಬೆಟ್ಟ ಹತ್ತುವುದು ಕೋಬೆಯವರ ಅಭ್ಯಾಸ. ಅದನ್ನು ಶುರು ಮಾಡಿದವರೂ ಇಲ್ಲಿ ನೆಲೆಸಿದ್ದ ವಿದೇಶೀಯರೇ. ಮೇಲಿನ ಚಹಾದಂಗಡಿಗಳಲ್ಲಿ ಸಹಿ ಪುಸ್ತಕಗಳಿವೆ, ಹತ್ತು ಸಾವಿರ ಸಲ ಹತ್ತಿದವರೂ ಇದ್ದಾರೆ ಎಂದರು. 1995ರಲ್ಲಿ ನಲ್ಲಿಗಳು ನಿಂತಾಗ ಈ ತೊರೆಗಳ ನೀರನ್ನು ಹೊತ್ತುಕೊಂಡು ಇಳಿದದ್ದನ್ನು ನೆನೆದರು. ಅಕ್ಕ ಚೀಲದಲ್ಲಿದ್ದ ರೈ ಬ್ರೆಡ್ಡನ್ನು ಮುರಿದು ಕೊಟ್ಟಳು. ಯಾವ ಅಂಗಡಿಯದೆಂದು ಒಂದೇ ತುತ್ತಿಗೆ ಗುರುತಿಸಿದರು.

"ಮುಂದಿನ ಸಲ ಜನವರಿಯಲ್ಲಿ ಬನ್ನಿ" ಎಂದರು ಹೊರಡುವಾಗ. ಹದಿನೇಳರ ಬೆಳಗ್ಗೆ, ಇನ್ನೂ ಕತ್ತಲಿರುವಾಗಲೇ, ಜನ ಉದ್ಯಾನದಲ್ಲಿ ಸೇರಿ ದೀಪ ಹಚ್ಚುತ್ತಾರೆ. ಬೆಚ್ಚನೆಯ ಕೋಟು ಬೇಕು, ಐದು ಗಂಟೆಯೊಳಗೆ ಹೋಗಿ ನಿಲ್ಲಬೇಕು, ಆ ದಿನ ತಾವು ದೀಪ ಮುಗಿಸಿಕೊಂಡೇ ಬೆಟ್ಟ ಹತ್ತುವುದು ಎಂದರು. ಉದ್ಯಾನಕ್ಕೆ ಯಾವ ಕಡೆಯಿಂದ ಬಂದರೆ ಹತ್ತಿರವೆಂಬುದನ್ನು ನನ್ನ ಪುಸ್ತಕದಲ್ಲಿ ತಾವೇ ಗೆರೆ ಎಳೆದು ತೋರಿಸಿದರು. ಮೇಲೆ ಬೆಟ್ಟ, ಕೆಳಗೆ ಕಡಲು ಎಂದು ಬರೆದು ಸುತ್ತು ಹಾಕಿದರು. ಆಮೇಲೆ ಚೀಲ ಏರಿಸಿಕೊಂಡು ಮೇಲಕ್ಕೆ ನಡೆದರು. ನಮಗೆ ವಿಮಾನ ನಿಲ್ದಾಣದ ಬಸ್ ಹಿಡಿಯಬೇಕಿತ್ತು, ಕೆಳಗಿಳಿದೆವು.